ಆಗುಂಬೆಯ ಸಾರಥಿ

ಕಳೆದ ಕಾರ್ತಿಕ ಮಾಸದಲ್ಲಿ ನಾವು ಶಿವಮೊಗ್ಗೆಯಿಂದ ಉಡುಪಿಗೆ ಪ್ರಯಾಣ ಮಾಡಬೇಕಾಗಿ ಬಂದಿತು. ಉಡುಪಿಗೆ ಸಮೀಪದ ಒಂದು ಪ್ರೌಢಶಾಲೆಯಲ್ಲಿ ನಮ್ಮ ಹಿರಿಯ ಮಗನು ಗಣಿತದ ಉಪಾಧ್ಯಾಯನಾಗಿದ್ದಾನೆ. ಅವನನ್ನು ನೋಡಿಕೊಂಡು ಬರುವುದು ಪ್ರಯಾಣದ ಪ್ರಕಟವಾದ ಉದ್ದೇಶ. ಅಪ್ರಕಟವಾದ ಉದ್ದೇಶವೊಂದು ನಮ್ಮ ಕೈಚೀಲದ ತಳದಲ್ಲಿ, ಒಗೆದ ಪಂಚೆಯ ಮಡಿಕೆಯೊಳಗೆ ಇದ್ದಿತು. ಅದು ಬೆಂಗಳೂರಿನ ಒಂದು ಕಂಪೆನಿಯ ಕೆಲಸಕ್ಕೆ ಸಲ್ಲಿಸತಕ್ಕ ಅರ್ಜಿ. ಅಲ್ಲಿ ದೊಡ್ಡ ಹುದ್ದೆಯಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಗುರುಭಕ್ತಿಯಿಂದ ಕಳುಹಿಸಿಕೊಟ್ಟದ್ದು. ಸಂಬಳವು ಈಗಿನದರ ಮೂರರಷ್ಟು. ಮಗನ ರುಜುವೊಂದೇ ಬಾಕಿ.

ಇದೇ ವಿಷಯವನ್ನು ಹಿಂದೊಮ್ಮೆ ಟೆಲಿಫೋನಿನಲ್ಲಿ ಎತ್ತಿದಾಗ ಅವನು, “ನನಗೆ ಇಲ್ಲಿ ಚೆನ್ನಾಗಿದೆ, ಅಪ್ಪಾ” ಎಂದು ಹೇಳಿ ಮಾತು ಮುಗಿಸಿದ್ದನು. ಆ ಮಾತು ನಮಗೆ ಸೋಮಾರಿತನದ ಮಾತಾಗಿ ಕೇಳಿಸಿತು. ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದು ನಿವೃತ್ತರಾದ ನಮಗೆ, ಮಗನೂ ಅದನ್ನೇ ಹಿಡಿದು ಕುಳಿತನಲ್ಲಾ ಎಂಬ ಕೊರಗು ಒಳಗೇ ಇದ್ದಿತು. ಈ ಸಲ ರುಜು ಮಾಡಿಸಿಕೊಂಡೇ ಹಿಂದಿರುಗುವುದೆಂದು ನಿಶ್ಚಯಿಸಿಕೊಂಡು ಹೊರಟೆವು. ನಮ್ಮ ಮನೆಯವರು ಕೋಡುಬಳೆಯ ಡಬ್ಬಿಯನ್ನು ಕೈಗೆ ಕೊಡುತ್ತ, “ಅವನು ಏನು ಹೇಳುತ್ತಾನೋ ಮೊದಲು ಕೇಳಿಸಿಕೊಳ್ಳಿ” ಎಂದರು. ನಾವು ಅದಕ್ಕೆ ಉತ್ತರ ಕೊಡಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಹೊರಡುವ ಬಸ್ಸು. ಅದು ಚಿಕ್ಕ ಬಸ್ಸು. ಆಗುಂಬೆ ಘಾಟಿಯ ತಿರುವುಗಳಲ್ಲಿ ದೊಡ್ಡ ಬಸ್ಸು, ಲಾರಿಗಳು ತಿರುಗಲಾರವಾದುದರಿಂದ ಆ ದಾರಿಯಲ್ಲಿ ಚಿಕ್ಕ ವಾಹನಗಳಿಗೆ ಮಾತ್ರ ಪ್ರವೇಶವುಂಟು. ನಮ್ಮ ನರೆತ ತಲೆಯನ್ನು ನೋಡಿ ಕಂಡಕ್ಟರು ಮುಂಭಾಗದಲ್ಲಿ, ಚಾಲಕನ ಎಡಮಗ್ಗುಲಿಗಿದ್ದ ಒಂಟಿ ಆಸನವನ್ನು ತೆರವು ಮಾಡಿಸಿಕೊಟ್ಟನು.

ಚಾಲಕನಿಗೆ ಐವತ್ತರ ಆಸುಪಾಸಿನ ವಯಸ್ಸು. ಒಗೆದು ಇಸ್ತ್ರಿ ಮಾಡಿದ ಖಾಕಿ ಅಂಗಿ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಹೊರಡುವುದಕ್ಕೆ ಮೊದಲು ಆತನು ಬಸ್ಸಿನ ಸುತ್ತ ಒಂದು ಸಲ ನಡೆದು ಬಂದು, ಪ್ರತಿಯೊಂದು ಚಕ್ರವನ್ನೂ ಅಂಗೈಯಿಂದ ತಟ್ಟಿ ನೋಡಿದನು. ಗಾಜನ್ನು ಒಳಗೂ ಹೊರಗೂ ಒರಸಿದನು. ಆಸನದ ಕೆಳಗೆ ಬಗ್ಗಿ ಏನನ್ನೋ ಮುಟ್ಟಿ ನೋಡಿ ತೃಪ್ತನಾದನು. ಅದೇನೆಂದು ನಾವು ಇಣುಕಿದೆವು: ಒಂದು ಮರಕಡಿಯುವ ಕತ್ತಿ, ಒಂದು ಸುರುಳಿ ಹಗ್ಗ. “ಮಳೆಗಾಲ ಕಳೆದರೂ ಮರ ಬೀಳುವುದುಂಟು, ಸ್ವಾಮಿ” ಎಂದು ನಕ್ಕು, ಬಸ್ಸನ್ನು ಹೊರಡಿಸಿದನು.

ಗಾಜನೂರಿನಲ್ಲಿ ತುಂಗೆಗೆ ಕಟ್ಟಿದ ಅಣೆಕಟ್ಟು, ಅದರ ಹಿನ್ನೀರಿನ ದಡದಲ್ಲಿ ಸಕ್ರೆಬೈಲಿನ ಆನೆಗಳ ಬಿಡಾರ, ಆಮೇಲೆ ಮಳೆಗಾಲದಲ್ಲಿ ಹಕ್ಕಿಗಳು ಗೂಡು ಕಟ್ಟುವ ಮಂಡಗದ್ದೆಯ ನಡುಗಡ್ಡೆ. ಇವೆಲ್ಲ ಒಂದಾದ ಮೇಲೊಂದರಂತೆ ಹಿಂದೆ ಸರಿದುವು. ಹೊಳೆಯು ಎಡೆಯೆಡೆಗೆ ಮರಗಳ ಸಂದಿನಲ್ಲಿ ಮಿನುಗಿ ಮರೆಯಾಗುತ್ತಿದ್ದಿತು. ಮಂಡಗದ್ದೆಯ ಬಳಿ ಮೋಟಾರು ಸೈಕಲ್ಲಿನ ಮೇಲೆ ಬಂದ ಇಬ್ಬರು ತರುಣರು ನಮ್ಮ ಬಸ್ಸಿನ ಮೂಗಿನ ಮುಂದೆಯೇ ನುಗ್ಗಿ ಹಾದುಹೋದರು. ನಾವು ಕುಳಿತಲ್ಲಿಯೇ ಹೌಹಾರಿ, ಆ ಹುಡುಗರಿಗೆ ಸಲ್ಲತಕ್ಕ ನಾಲ್ಕು ಮಾತುಗಳನ್ನು ಗಟ್ಟಿಯಾಗಿಯೇ ಆಡಿದೆವು. ಚಾಲಕನು ಹಾರನ್ನನ್ನೂ ಮುಟ್ಟಲಿಲ್ಲ; ವೇಗವನ್ನು ತಗ್ಗಿಸಿ, ಅವರು ದೂರವಾಗುವವರೆಗೆ ಹಾಗೆಯೇ ಸಾಗಿದನು.

“ನಿಮಗೆ ಕೋಪವೇ ಬರುವುದಿಲ್ಲವೇ?” ಎಂದು ಕೇಳಿದೆವು.

“ಬರುತ್ತದೆ. ಆದರೆ ಹಿಂದೆ ಮೂವತ್ತು ಜನ ಕೂತಿದ್ದಾರಲ್ಲ, ಸ್ವಾಮಿ.”

ತೀರ್ಥಹಳ್ಳಿಯಲ್ಲಿ ಹತ್ತು ನಿಮಿಷದ ತಂಗು. ನಾವು ಕಾಫಿ ಕುಡಿಯುವಲ್ಲಿ ಆತನೂ ಬಂದು ನಿಂತನು. ಉದ್ಯೋಗ ಬಿಟ್ಟರೂ ಪ್ರಶ್ನೆ ಕೇಳುವ ಚಾಳಿಯನ್ನು ಉಪಾಧ್ಯಾಯನು ಬಿಡಲಾರನಷ್ಟೆ. ಊರು ಯಾವುದು, ಈ ಕೆಲಸಕ್ಕೆ ಬಂದು ಎಷ್ಟು ಕಾಲವಾಯಿತು ಎಂದು ವಿಚಾರಿಸಿದೆವು. ನಾವು ಮೇಷ್ಟರೆಂದು ತಿಳಿದ ಮೇಲೆ ಆತನ ಮಾತಿನಲ್ಲಿ ‘ಸ್ವಾಮಿ’ ಹೋಗಿ ‘ಮೇಷ್ಟ್ರೇ’ ಬಂದಿತು.

ಆತನ ಊರು ಕೊಪ್ಪದ ಕಡೆಯ ಒಂದು ಹಳ್ಳಿ. ಒಂದು ಖಾಸಗಿ ಸಾರಿಗೆ ಕಂಪೆನಿಯು ಮುಚ್ಚಿಹೋದಾಗ ಅದರ ನೌಕರರೇ ಒಂದುಗೂಡಿ 1991ರಲ್ಲಿ ಕೊಪ್ಪದಲ್ಲಿ ‘ಸಹಕಾರ ಸಾರಿಗೆ’ ಎಂಬ ಸಂಘವನ್ನು ಕಟ್ಟಿಕೊಂಡು, ಮಲೆನಾಡಿನ ಮೂಲೆ ಮೂಲೆಗೆ ಬಸ್ಸು ನಡೆಸಿದ ವೃತ್ತಾಂತವನ್ನು ವಾಚಕರಲ್ಲಿ ಅನೇಕರು ಬಲ್ಲರು. ದುಡಿಯುವವರೇ ಅಲ್ಲಿ ಒಡೆಯರು. ಸುಮಾರು ಮೂರು ದಶಕಗಳು ಹೀಗೆ ನಡೆದ ಸಂಘವು ನಷ್ಟದ ಹೊರೆಯನ್ನು ತಾಳಲಾರದೆ 2020ರ ಫೆಬ್ರುವರಿಯಲ್ಲಿ ಬಸ್ಸುಗಳನ್ನು ನಿಲ್ಲಿಸಿತು. ನಮ್ಮ ಚಾಲಕನು ಹುಡುಗನಾಗಿದ್ದಾಗಲೇ ಅಲ್ಲಿ ಕ್ಲೀನರಾಗಿ ಸೇರಿ, ಆಮೇಲೆ ಚಾಲಕನಾಗಿ, ಕಡೆಯ ದಿನದವರೆಗೂ ಇದ್ದವನು. ಮರುತಿಂಗಳೇ ಮಹಾವ್ಯಾಧಿಯ ನಿಮಿತ್ತ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು.

“ಆಗ ಏನು ಮಾಡಿದಿರಿ?”

“ಅಡಿಕೆ ತೋಟದ ಕೆಲಸಕ್ಕೆ ಹೋದೆ. ಆಮೇಲೆ ಭಾವಮೈದುನ ಬೆಂಗಳೂರಿಗೆ ಕರೆದ. ಎರಡು ವರ್ಷ ಟ್ಯಾಕ್ಸಿ ಓಡಿಸಿದೆ. ದುಡ್ಡು ಇತ್ತು, ಮೇಷ್ಟ್ರೇ, ಇಲ್ಲ ಅನ್ನುವುದಿಲ್ಲ. ಆದರೆ ಫೋನು ಎತ್ತ ಹೋಗು ಅಂದರೆ ಅತ್ತ ಹೋಗಬೇಕು. ಹತ್ತಿದವರ ಮುಖ ನಾನು ನೋಡಲಿಲ್ಲ, ಅವರೂ ನನ್ನ ಮುಖ ನೋಡಲಿಲ್ಲ. ಈ ಬಸ್ಸಿನ ಯಜಮಾನರು ಘಾಟಿ ಬಲ್ಲ ಡ್ರೈವರು ಬೇಕು ಎಂದು ಹೇಳಿಕಳಿಸಿದರು. ಬಂದುಬಿಟ್ಟೆ.”

“ಸಂಬಳ ಅಲ್ಲಿಗಿಂತ ಕಡಿಮೆಯಲ್ಲವೇ? ಹೆಚ್ಚು ಬೇಕೆನಿಸುವುದಿಲ್ಲವೇ?”

ಆತನು ಲೋಟವನ್ನು ಕೆಳಗಿಟ್ಟು ನಗುತ್ತ ಹೇಳಿದನು: “ಯಾರಿಗೆ ಬೇಡ? ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಸಾಲವೂ ಇದೆ. ಪ್ರತಿ ಯುಗಾದಿಗೂ ಯಜಮಾನರನ್ನು ಕೇಳುತ್ತೇನೆ. ಒಂದು ವರ್ಷ ಕೊಡುತ್ತಾರೆ, ಒಂದು ವರ್ಷ ಮುಂದೆ ನೋಡೋಣ ಅನ್ನುತ್ತಾರೆ. ಕೊಡಲಿಲ್ಲ ಅಂತ ಮರುದಿನ ಚಕ್ರ ತಟ್ಟದೆ ಹೊರಡಲಿಕ್ಕೆ ಆಗುತ್ತದೆಯೇ?”

ತೀರ್ಥಹಳ್ಳಿಯನ್ನು ಬಿಟ್ಟ ಮೇಲೆ ದಾರಿಯ ಎರಡು ಕಡೆಯೂ ಕಾಡು ಒತ್ತಿಕೊಂಡು ಬಂದಿತು. ಮೇಗರವಳ್ಳಿಯನ್ನು ದಾಟಿದ ತರುವಾಯ, ಮನೆಯಾಗಲಿ ಅಂಗಡಿಯಾಗಲಿ ಇಲ್ಲದ ಒಂದು ಕಡೆ ಬಸ್ಸು ನಿಂತಿತು. ಹತ್ತುವವರಿಲ್ಲ, ಇಳಿಯುವವರಿಲ್ಲ. ಎಡಕ್ಕೆ ಇಳಿಯುವ ಒಂದು ಕಾಲುದಾರಿಯಿಂದ ಹತ್ತು ವರ್ಷದ ಹುಡುಗನೊಬ್ಬನು ಓಡುತ್ತ ಬಂದನು. ಚಾಲಕನು ಗಾಜಿನ ಕೆಳಗಿಟ್ಟಿದ್ದ ಔಷಧಿಯ ಪೊಟ್ಟಣವನ್ನು ಕಿಟಕಿಯಿಂದ ಚಾಚಿ, “ಅಜ್ಜಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿಳಿಯದು ಊಟಕ್ಕೆ ಮೊದಲು. ಏನು ಹೇಳಿದೆ, ಹೇಳು ನೋಡುವ” ಎಂದನು. ಹುಡುಗನು ಒಪ್ಪಿಸಿದನು. “ಬಿಳಿಯದು?” “ಊಟಕ್ಕೆ ಮೊದಲು.” ಬಸ್ಸು ಹೊರಟಿತು. ಪಾಠವನ್ನು ಹೇಳಿ, ಒಪ್ಪಿಸಿಕೊಂಡು, ತಪ್ಪಬಹುದಾದ ಜಾಗವನ್ನು ಎರಡನೆಯ ಸಲ ಕೇಳಿದ ಆ ಕ್ರಮವನ್ನು ನಾವು ಗಮನಿಸದೆ ಇರಲಿಲ್ಲ. ನಮ್ಮ ಸಹೋದ್ಯೋಗಿಗಳಲ್ಲಿಯೂ ಎಲ್ಲರಿಗೂ ಅದು ಸಾಧಿಸಿರಲಿಲ್ಲ.

ಆಗುಂಬೆಯನ್ನು ಮುಟ್ಟುವ ವೇಳೆಗೆ ಐದೂವರೆಯಾಗಿದ್ದಿತು. ವರ್ಷಕ್ಕೆ ಏಳು ಸಾವಿರದ ಐನೂರು ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ಇದು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರು ಬಿದ್ದುದು ದಾಖಲೆಯಲ್ಲಿದೆ. ನಿಂತರೆ ಎರಡು ಆಳುಗಳ ಎತ್ತರವನ್ನು ಮುಳುಗಿಸುವಷ್ಟು ನೀರು. ನಾವು ಹೋದ ದಿನ ಮಾತ್ರ ಆಕಾಶವು ತೊಳೆದಿಟ್ಟ ಬಟ್ಟಲಿನಂತಿದ್ದಿತು. ಇದು ಘಟ್ಟದ ನೆತ್ತಿ. ಇದರ ಮೂಡಲಿಗೆ ಬಿದ್ದ ಮಳೆಯು ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ, ನಾಡುಗಳನ್ನೆಲ್ಲ ಸುತ್ತಿ ಬಂಗಾಳ ಕೊಲ್ಲಿಯನ್ನು ಮುಟ್ಟಬೇಕು. ಪಡುವಲಿಗೆ ಬಿದ್ದದ್ದು ಸೀತಾ ನದಿಗೆ ಇಳಿದು, ಕಣ್ಣಿಗೆ ಕಾಣುವ ದೂರದಲ್ಲಿರುವ ಪಡುವಣ ಕಡಲನ್ನು ಸೇರಿಬಿಡುತ್ತದೆ. ಹತ್ತಿರದ ಕಡಲಿಗೆ ಹೋದ ನೀರು ಕೀಳೆಂದು ಯಾರೂ ಹೇಳಿದ್ದಿಲ್ಲ.

ಊರಿನಲ್ಲಿ ಬಸ್ಸು ಐದು ನಿಮಿಷ ನಿಂತಿತು. ಕೆಲವು ತರುಣ ಪ್ರಯಾಣಿಕರು, ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ದೂರದರ್ಶನ ಮಾಲೆಯನ್ನು ಚಿತ್ರಿಸಿದ ಮನೆ ಯಾವುದೆಂದು ವಿಚಾರಿಸುತ್ತಿದ್ದರು. ಚಾಲಕನು ಮತ್ತೊಮ್ಮೆ ಇಳಿದು ಚಕ್ರಗಳನ್ನು ತಟ್ಟಿ, ಬ್ರೇಕನ್ನು ತುಳಿದು ನೋಡಿ, ಕುಳಿತುಕೊಂಡು, ನಮ್ಮ ಕಡೆಗೆ ತಿರುಗಿ ವಿನಯದಿಂದ, “ಮೇಷ್ಟ್ರೇ, ಕೆಳಗೆ ಸೋಮೇಶ್ವರ ಮುಟ್ಟುವವರೆಗೆ ಮಾತು ಬೇಡ” ಎಂದನು. ನಮ್ಮ ವಯಸ್ಸಿನಲ್ಲಿ ಮೌನವಾಗಿರೆಂದು ಹೇಳಿಸಿಕೊಂಡದ್ದು ಅದೇ ಮೊದಲು. ಆದರೂ ಕಹಿಯೆನಿಸಲಿಲ್ಲ.

ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳು. ಪ್ರತಿಯೊಂದರಲ್ಲಿಯೂ ರಸ್ತೆಯು ತನ್ನ ಮೇಲೆ ತಾನೇ ಮಡಿಚಿಕೊಂಡು, ಬಂದ ದಿಕ್ಕಿಗೇ ಹಿಂದಿರುಗಿ ಇಳಿಯುತ್ತದೆ. ಬಲಕ್ಕೆ ಕೈ ಚಾಚಿದರೆ ಸಿಕ್ಕುವಂತೆ ಬಂಡೆ. ಎಡಕ್ಕೆ ಮರಗಳ ತಲೆ ಮಾತ್ರ ಕಾಣುವ ಕಣಿವೆ. ಮುಂದಿನ ತಿರುವಿನಲ್ಲಿ ಎರಡೂ ಅದಲುಬದಲು. ಪಡುವಲಲ್ಲಿ ಸೂರ್ಯನು ಕಡಲಿನ ಕಡೆಯ ಮಬ್ಬಿನೊಳಕ್ಕೆ ಕೆಂಪಗೆ ಜಾರುತ್ತಿದ್ದನು. ನೋಡುವ ಕಟ್ಟೆಯ ಬಳಿ ಜನರು ಗುಂಪುಗೂಡಿದ್ದರು. ಬಸ್ಸಿನೊಳಗೆ ಎಲ್ಲರೂ ಆ ಕಡೆಗೆ ಕತ್ತು ಹೊರಳಿಸಿದರು. ಹೊರಳಿಸದವನು ಒಬ್ಬನೇ. ಆತನ ಕಣ್ಣು ರಸ್ತೆಯಲ್ಲಿ, ಕೈ ಚಕ್ರದಲ್ಲಿ. ದಿನವೂ ಲೋಕವು ಬಂದು ನೋಡುವ ಸೂರ್ಯಾಸ್ತವನ್ನು ದಿನವೂ ನೋಡದೆ ಇಳಿಯುವವನು ಅವನೊಬ್ಬನೆಂದು ನಮಗೆ ಹೊಳೆಯಿತು.

ಆರನೆಯದೋ ಏಳನೆಯದೋ ತಿರುವಿಗೆ ಮೊದಲು ಆತನು ಬಸ್ಸನ್ನು ಅಂಚಿಗೆ ಸರಿಸಿ ನಿಲ್ಲಿಸಿಬಿಟ್ಟನು. ನಮಗೇನೂ ಕಾಣಿಸಲಿಲ್ಲ. ಹಿಂದಿನ ಕಾರುಗಳು ಒಂದೇ ಸಮನೆ ಹಾರನ್ನು ಮಾಡತೊಡಗಿದುವು. ಅರ್ಧ ನಿಮಿಷ ಕಳೆದ ಮೇಲೆ ಕೆಳಗಿನಿಂದ ಏದುತ್ತ ಒಂದು ಚಿಕ್ಕ ಬಸ್ಸು ತಿರುವಿನಲ್ಲಿ ಮೂಡಿತು. ಒಳಗೆ ಕಿಕ್ಕಿರಿದ ಜನ, ಮೇಲೆ ಹೇರು. ಅದರ ಸದ್ದನ್ನು ಆತನು ಮೊದಲೇ ಕೇಳಿದ್ದನು. ಆ ಬಸ್ಸು ನಮ್ಮನ್ನು ಉಜ್ಜುವಂತೆ ಹಾದು ಮೇಲಕ್ಕೆ ಹೋಯಿತು. ಅದರ ಚಾಲಕನು ಒಂದು ಬೆರಳನ್ನು ಎತ್ತಿದನು. ನಮ್ಮವನೂ ಒಂದು ಬೆರಳನ್ನು ಎತ್ತಿದನು.

ಸೋಮೇಶ್ವರದಲ್ಲಿ ಬಸ್ಸು ಸಮನೆಲವನ್ನು ಮುಟ್ಟಿತು. ಕತ್ತಲೆಯು ಕವಿದಿದ್ದಿತು, ಸೆಕೆಯ ಗಾಳಿ ಮುಖಕ್ಕೆ ತಗುಲಿತು. “ಇನ್ನು ಮಾತಾಡಬಹುದು” ಎಂದು ಆತನೇ ಹೇಳಿದನು.

“ಹಿಂದಿನವರು ಅಷ್ಟು ಗಲಾಟೆ ಮಾಡಿದರೂ ಏಕೆ ನಿಂತಿರಿ?”

“ಏರುವವನಿಗೆ ಇಳಿಯುವವನು ದಾರಿ ಬಿಡಬೇಕು. ಅದು ಕಾನೂನು, ಮೇಷ್ಟ್ರೇ. ಕಾನೂನು ಇಲ್ಲದಿದ್ದರೂ ನ್ಯಾಯ ಅದೇ. ಹೇರು ಹೊತ್ತು ಏರುವ ಗಾಡಿ ತಿರುವಿನಲ್ಲಿ ನಿಂತರೆ ಮತ್ತೆ ಹೊರಡುವುದು ಕಷ್ಟ. ಹಿಂದಕ್ಕೆ ಜಾರಿದರೂ ಜಾರಿತು. ಇಳಿಯುವವನು ನಿಂತರೆ ಅವನಿಗೇನು ನಷ್ಟ? ಇಳಿಯುವುದಂತೂ ಇದ್ದೇ ಇದೆ.”

“ಇಳಿಯುವುದು ಏರುವುದಕ್ಕಿಂತ ಸುಲಭವೇ ಹಾಗಾದರೆ?”

“ಅಯ್ಯೋ, ಇಲ್ಲ! ಏರುವುದನ್ನು ಯಂತ್ರವೇ ಮಾಡುತ್ತದೆ. ಇಳಿಯುವುದನ್ನು ನಾವು ಮಾಡಬೇಕು. ಯಾವ ಗೇರಿನಲ್ಲಿ ಏರುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕನ್ನೇ ನೆಚ್ಚಿ ತುಳಿದುಕೊಂಡೇ ಬಂದರೆ ಕಾದುಹೋಗಿ, ಬೇಕಾದಾಗ ಹಿಡಿಯುವುದಿಲ್ಲ. ಗಾಡಿ ತಾನಾಗಿ ಓಡುತ್ತದೆ. ಓಡಿಸುವುದು ದೊಡ್ಡದಲ್ಲ, ಹಿಡಿಯುವುದು ದೊಡ್ಡದು.”

ಈ ಮಾತನ್ನು ಕೇಳಿ ನಮಗೆ ನಮ್ಮ ಪಾಠಶಾಲೆಯ ನೆನಪಾಯಿತು. ಅಮರಕೋಶದಲ್ಲಿ ಸಾರಥಿಗೆ ಹೇಳಿರುವ ಹೆಸರುಗಳಲ್ಲಿ ‘ನಿಯಂತಾ’ ಎಂಬುದೊಂದು. ಎಷ್ಟೋ ತಂಡದ ಹುಡುಗರಿಗೆ ನಾವು ಅದನ್ನು ಬಾಯಿಪಾಠ ಮಾಡಿಸಿದ್ದೇವೆ. ನಿಯಮಿಸುವವನು, ತಡೆದು ಹಿಡಿಯುವವನು ಎಂದು ಧಾತ್ವರ್ಥವನ್ನೂ ಹೇಳಿದ್ದೇವೆ. ರಥವನ್ನು ಓಡಿಸುವವನಿಗೆ ತಡೆಯುವವನೆಂದು ಹೆಸರೇಕೆ ಬಂದಿತೆಂದು ಒಬ್ಬ ಹುಡುಗನೂ ಕೇಳಲಿಲ್ಲ, ನಾವೂ ಯೋಚಿಸಲಿಲ್ಲ. ಆಗುಂಬೆಯ ಬುಡದಲ್ಲಿ, ಕತ್ತಲೆಯಲ್ಲಿ, ಅರವತ್ತನೆಯ ವಯಸ್ಸಿನಲ್ಲಿ ನಮಗೆ ಆ ಶಬ್ದದ ಅರ್ಥವಾಯಿತು.

ಹೆಬ್ರಿಯನ್ನು ದಾಟಿ ಬಸ್ಸು ಉಡುಪಿಯ ಕಡೆಗೆ ಸಾಗುತ್ತಿರಲು ನಾವು ಕಣ್ಣು ಮುಚ್ಚಿ ಯೋಚಿಸುತ್ತ ಕುಳಿತೆವು. ನಮ್ಮ ದಿನಬಳಕೆಯ ಮಾತಿನಲ್ಲಿ ‘ಸಂತೋಷ’ವೆಂದರೆ ಹಿಗ್ಗು. ಹಬ್ಬವಾದರೆ ಸಂತೋಷ, ಬಡ್ತಿ ಬಂದರೆ ಸಂತೋಷ. ಪತಂಜಲಿಯ ಯೋಗಶಾಸ್ತ್ರದಲ್ಲಿ ಅದೇ ಶಬ್ದವು ಐದು ನಿಯಮಗಳಲ್ಲಿ ಒಂದು; ಶೌಚದ ತರುವಾಯ, ತಪಸ್ಸಿಗೆ ಮೊದಲು ಅದರ ಸ್ಥಾನ. ಹೊರಗಿನಿಂದ ಬರುವ ಹಿಗ್ಗಾಗಿದ್ದರೆ ಅದನ್ನು ನಿಯಮವೆಂದು ಎಣಿಸಬೇಕಾಗಿರಲಿಲ್ಲ. ಪ್ರತಿದಿನವೂ ಅಭ್ಯಾಸ ಮಾಡತಕ್ಕದ್ದಾದ ಕಾರಣವೇ ಅದು ನಿಯಮ, ಚಕ್ರವನ್ನು ತಟ್ಟುವುದರಂತೆ.

ಇದ್ದುದರಲ್ಲಿ ತೃಪ್ತಿಯೆಂಬುದು ಸೋಮಾರಿಗಳ ನೆವವೆಂದು ಆಕ್ಷೇಪಿಸುವವರುಂಟು. ನಾವೂ ಆ ಮತದವರಾಗಿಯೇ ಶಿವಮೊಗ್ಗೆಯಲ್ಲಿ ಬಸ್ಸು ಹತ್ತಿದ್ದೆವು. ನೆವವಾಗಿಯೂ ಅದು ಬಳಕೆಯಾಗುತ್ತದೆ, ನಿಜ. ಎರಡನ್ನೂ ಬೇರ್ಪಡಿಸುವ ಗುರುತು ಯಾವುದು? ಸೋಮಾರಿಯು ‘ಸಾಕು’ ಎಂದು ಹೇಳುವುದು ಕೆಲಸಕ್ಕೆ, ಫಲಕ್ಕೆ ಹೇಳುವುದಿಲ್ಲ. ಈ ಚಾಲಕನು ಫಲಕ್ಕೆ ‘ಸಾಕು’ ಎಂದವನು. ಕೆಲಸಕ್ಕೆ ಎಂದೂ ಹೇಳದವನು. ಆತನು ಸಂಬಳ ಹೆಚ್ಚಿಸಿರೆಂದು ಕೇಳುತ್ತಾನೆ, ಸಾಲವುಂಟು, ಚಿಂತೆಯುಂಟು. ಬೈರಾಗಿಯಲ್ಲ. ಆದರೆ ಕೇಳಿದ್ದು ಸಿಕ್ಕದೆ ಹೋದ ಕಹಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳುವುದಿಲ್ಲ. ಆತನಿಗೆ ಕೈ ತಪ್ಪಿದುದು ಕಡಿಮೆಯೇನಲ್ಲ. ತಾನೇ ಒಡೆಯನಾಗಿದ್ದ ಸಂಸ್ಥೆಯೊಂದು ಕಣ್ಣೆದುರು ಮುಳುಗಿತು. ಅದರ ಮಾತನ್ನು ಹೇಳುವಾಗ ದನಿಯು ತುಸು ತಗ್ಗಿತು, ಅಷ್ಟೆ.

ಇನ್ನು ನಮ್ಮ ಮಗನ ವಿಷಯ. “ನನಗೆ ಇಲ್ಲಿ ಚೆನ್ನಾಗಿದೆ” ಎಂದು ಅವನು ಹೇಳಿದಾಗ, ಅವನು ‘ಸಾಕು’ ಎಂದದ್ದು ಯಾವುದಕ್ಕೆಂದು ನಾವು ವಿಚಾರಿಸಲೇ ಇಲ್ಲವೆಂಬುದು ಮನಸ್ಸಿಗೆ ಬಂದಿತು. ಅವನ ತರಗತಿ ಹೇಗಿದೆ, ಹುಡುಗರು ಹೇಗಿದ್ದಾರೆ, ಯಾವುದನ್ನು ಹೇಗೆ ಕಲಿಸುತ್ತಾನೆ ಎಂದು ಆರು ವರ್ಷಗಳಲ್ಲಿ ಒಮ್ಮೆಯೂ ಕೇಳಿದವರಲ್ಲ. ಎಷ್ಟು ಕೊಡುತ್ತಾರೆಂಬುದನ್ನು ಮಾತ್ರ ಕೇಳಿದ್ದೆವು. ನಾವು ಘಾಟಿಯನ್ನು ಇಳಿಯುವ ವಯಸ್ಸಿನವರು. ಅವನು ಹೇರು ಹೊತ್ತು ಏರುವವನು. ಹಾರನ್ನು ಮಾಡುತ್ತ ಹೊರಟಿದ್ದವರು ಯಾರೆಂಬುದನ್ನು ಯೋಚಿಸಿದಾಗ ನಾಚಿಕೆಯಾಯಿತು.

ಉಡುಪಿಯನ್ನು ಸೇರಿದಾಗ ರಾತ್ರಿ ಎಂಟರ ಹತ್ತಿರ. ಇಳಿಯುವಾಗ ಚಾಲಕನಿಗೆ ಏನಾದರೂ ಕೊಡಬೇಕೆನಿಸಿ, ಹಣ ಕೊಟ್ಟರೆ ಅವಮಾನವಾದೀತೆಂದು ಸಂಕೋಚಪಟ್ಟು, ಡಬ್ಬಿಯನ್ನು ತೆರೆದು ನಾಲ್ಕು ಕೋಡುಬಳೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟೆವು. ಆತನು ಎರಡು ಕೈಗಳಿಂದಲೂ ತೆಗೆದುಕೊಂಡು, “ಮನೆಯಲ್ಲಿ ಮಾಡಿದ್ದೋ, ಮೇಷ್ಟ್ರೇ?” ಎಂದು ಕೇಳಿ, ಒಂದನ್ನು ಆಗಲೇ ಮುರಿದು ಕಂಡಕ್ಟರಿಗೆ ಅರ್ಧ ಕೊಟ್ಟನು. ಮರುದಿನ ಬೆಳಿಗ್ಗೆ ಆರಕ್ಕೆ ಹಿಂದಿರುಗುವ ಪಾಳಿ. ರಾತ್ರಿ ಬಸ್ಸಿನಲ್ಲಿಯೇ ಮಲಗುವುದಂತೆ. ಆತನ ಹೆಸರನ್ನು ಕೇಳಬೇಕೆಂಬುದು, ಬಸ್ಸು ತಿರುಗಿ ಹೋದ ಮೇಲೆ ನೆನಪಾಯಿತು.

ಮಗನು ನಿಲ್ದಾಣಕ್ಕೆ ಬಂದಿದ್ದನು. ಊಟವಾದ ಮೇಲೆ ನಾವು ಅವನ ಶಾಲೆಯ ಮಾತನ್ನು ಎತ್ತಿದೆವು. ಮೊದಲು ಅವನು ಸಂಶಯದಿಂದ ನಮ್ಮ ಮುಖವನ್ನು ನೋಡಿದನು. ಇದು ಎಲ್ಲಿಗೆ ಹೋಗಿ ಮುಟ್ಟುವುದೆಂದು ಅವನಿಗೆ ಅಭ್ಯಾಸದಿಂದ ತಿಳಿದಿತ್ತು. ಮುಟ್ಟಲಿಲ್ಲವಾದುದರಿಂದ ಮೆಲ್ಲನೆ ಮಾತು ಬಂದಿತು. ಭಿನ್ನರಾಶಿಯೆಂದರೆ ಹೆದರುತ್ತಿದ್ದ ಮೀನುಗಾರರ ಹುಡುಗಿಯೊಬ್ಬಳಿಗೆ ಮೀನಿನ ಪಾಲು ಹಂಚುವ ಲೆಕ್ಕದಿಂದಲೇ ಅದನ್ನು ಕಲಿಸಿದ ಕಥೆಯನ್ನು ಹೇಳಿದನು. ಹೇಳುತ್ತ ಹೇಳುತ್ತ ಎದ್ದು ನಿಂತು, ಗೋಡೆಯ ಮೇಲೆ ಬೆರಳಿನಿಂದ ಲೆಕ್ಕ ಬರೆದು ತೋರಿಸಿದನು. ಗಂಟೆ ಹನ್ನೊಂದಾದುದು ಇಬ್ಬರಿಗೂ ತಿಳಿಯಲಿಲ್ಲ.

ನಾಲ್ಕು ದಿನ ಇದ್ದು ಶಿವಮೊಗ್ಗೆಗೆ ಹಿಂದಿರುಗಿದೆವು. ನಮ್ಮ ಮನೆಯವರು ಒಗೆಯುವುದಕ್ಕೆ ಬಟ್ಟೆ ತೆಗೆಯುವಾಗ ಪಂಚೆಯ ಮಡಿಕೆಯಿಂದ ಅರ್ಜಿಯು ಕೆಳಗೆ ಬಿದ್ದಿತು. ಎತ್ತಿಕೊಂಡು ನೋಡಿ, “ರುಜು ಇಲ್ಲವಲ್ಲ?” ಎಂದರು.

“ಅವನು ಹೇಳಿದ್ದನ್ನು ಕೇಳಿಸಿಕೊಂಡು ಬಂದೆವು” ಎಂದು ಹೇಳಿದೆವು.